ಹಾಡನ್ನೂ ಔಷಧಿ ಪಟ್ಟಿಗೆ ಸೇರಿಸಿ: ರಿಸರ್ವೇಶನ್ ಪಕ್ಕದ ಕನ್ನಡ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಡಾಕ್ಟ್ರೇ, ನಮಸ್ಕಾರ.

ಅಮೆರಿಕದಲ್ಲಿರುವ ಎಲ್ಲ ಕನ್ನಡ ವೈದ್ಯರಿಗೂ ಈ ಪತ್ರ ಅಲ್ಲ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿರುವವರು ಬೇಕಾದರೆ ಓದಿ, ಪುರಸೊತ್ತಿಲ್ಲದಿದ್ದರೆ ಬಿಡಿ. ನಾನು ಬರೆಯುತ್ತಿರುವುದು ರೆಸಿಡೆನ್ಸಿ ಮುಗಿಸಿ, ಜೆ-1 ವೀಸಾದ ವೇವರ್‌ಗಾಗಿ ಮಿನೆಸೋಟ, ಡಕೋಟ, ಮೊಂಟಾನ, ಅರಿಝೋನ ಕಡೆಯ ಸಣ್ಣ ಊರುಗಳಿಗೆ ಬಂದಿರುವ ನಿಮಗೆ. ವೈದ್ಯರು ಸಿಗದ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಿದರೆ ಈ ದೇಶದಲ್ಲಿ ಉಳಿಯಬಹುದು ಅನ್ನುವ ಕರಾರಿನ ಮೇಲೆ ಬಂದವರು ನೀವು. ವೈದ್ಯರು ಸಿಗದ ಜಾಗ ಅಂದರೆ ಎಷ್ಟೋ ಸಲ ರಿಸರ್ವೇಶನ್ನಿನ, ಅಂದರೆ ಅಮೆರಿಕದ ಮೂಲನಿವಾಸಿಗಳಿಗೆಂದು ಸರ್ಕಾರ ಬಿಟ್ಟ ನೆಲದ ಆಸುಪಾಸು. ಹಾಗಾಗಿ ನಿಮ್ಮ ಮುಂದೆ ಬಂದು ಕೂರುವವರಲ್ಲಿ ಓಜಿಬ್ವೆ, ಲಕೋಟ, ಕ್ರೋ, ನವಾಹೋ ಜನ ಜಾಸ್ತಿ.

ನಾನು ಡಾಕ್ಟರ್ ಅಲ್ಲ. ಉತ್ತರ ಮಿನೆಸೋಟದ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನೀವು ಬರೆದುಕೊಟ್ಟ ಮಾತ್ರೆಯನ್ನು ಎಣಿಸಿ, ಚೀಟಿ ಅಂಟಿಸಿ, ಹೇಗೆ ತಗೋಬೇಕು ಅಂತ ಹೇಳಿ ಕಳಿಸುವವಳು. ಆದ್ದರಿಂದ ಮಾತ್ರೆ ಬೇಡ, ಡ್ರಮ್ ಬಾರಿಸಿದರೆ ಸಾಕು ಅಂತ ಹೇಳೋಕೆ ಹೊರಟಿದ್ದಾಳೆ ಅಂದುಕೊಳ್ಳಬೇಡಿ. ಬೈಪೋಲಾರ್ ಅನ್ನುವ ಮನೋರೋಗ ಇರುವವರು ಲಿಥಿಯಂ ಮಾತ್ರೆ ದಿಢೀರನೆ ಬಿಟ್ಟರೆ ಏನಾಗುತ್ತದೆ ಅಂತ ನನಗೂ ಗೊತ್ತು.

ನಾನು ಕೇಳುತ್ತಿರುವುದು ಒಂದೇ. ನಿಮ್ಮ ನೇಟಿವ್ (ಮೂಲನಿವಾಸಿ) ರೋಗಿಗೆ ಹಾಡೋ, ಡ್ರಮ್ಮೋ, ಕುಣಿತವೋ ಆಸರೆಯಾಗಿದ್ದರೆ ಅದನ್ನು ಚಿಕಿತ್ಸೆಯ ಲೆಕ್ಕಕ್ಕೆ ತಗೊಳ್ಳಿ. ಹವ್ಯಾಸ ಅಂತ ಪಕ್ಕಕ್ಕಿಡಬೇಡಿ. ರೋಗದ ಲಕ್ಷಣ ಅಂತಂತೂ ಬರೆಯಲೇಬೇಡಿ.

ಹಾಗೆ ಬರೆಯುವವರು ಯಾರಿದ್ದಾರೆ ಅಂತೀರಾ? ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗಬಾರದು ಅಂತ ವಯಸ್ಸು, ಕಾಲ, ಒಂದಷ್ಟು ವಿವರ ಬದಲಿಸಿದ್ದೇನೆ. ಆಸ್ಪತ್ರೆಯೂ ನಾನೀಗ ಇರುವುದಲ್ಲ. ತೀವ್ರ ಖಿನ್ನತೆ, ಜೊತೆಗೆ ಕುಡಿತ. ಜೀವ ಕಳೆದುಕೊಳ್ಳಲು ಹೋಗಿ ಬದುಕಿ ಉಳಿದು ಮನೋರೋಗ ವಾರ್ಡಿಗೆ ಬಂದಿದ್ದ. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅವನ ಚಿಕ್ಕಮ್ಮ ನೋಡೋಕೆ ಬಂದಾಗ ಒಂದು ಕೈಡ್ರಮ್ ತಂದಿದ್ದರು. ಮರದ ಬಳೆಗೆ ಜಿಂಕೆ ಚರ್ಮ ಎಳೆದು ಹಿಂದಿನಿಂದ ಚರ್ಮದ ದಾರದಲ್ಲಿ ಬಿಗಿದದ್ದು. ವಾರ್ಡಿನಲ್ಲಿ ದಾರ, ಬೆಲ್ಟು, ಕೋಲು ಯಾವುದೂ ಬಿಡುವುದಿಲ್ಲ. ಅದು ಸರಿಯೇ. ಡ್ರಮ್ಮನ್ನು ಪಾರದರ್ಶಕ ಚೀಲಕ್ಕೆ ಹಾಕಿ, ಅವನ ಶೂ ಲೇಸು ಮತ್ತು ಫೋನ್ ಚಾರ್ಜರಿನ ಜೊತೆ ಬೀರುವಿನಲ್ಲಿಟ್ಟರು. ರಾತ್ರಿ ಹೊತ್ತು ಆ ಹುಡುಗ ಊಟದ ಟ್ರೇ ಮೇಲೆ ಎರಡು ಬೆರಳಲ್ಲಿ ತಾಳ ಹಾಕುತ್ತಾ ಸಣ್ಣಗೆ ಹಾಡಿಕೊಳ್ಳುತ್ತಿದ್ದ. ಬೆಳಿಗ್ಗೆ ಚಾರ್ಟಿನಲ್ಲಿ ಬಂತು: ತನ್ನಷ್ಟಕ್ಕೆ ಹಾಡಿಕೊಳ್ಳುತ್ತಾನೆ, ಒಳಗಿನ ಧ್ವನಿಗೆ ಪ್ರತಿಕ್ರಿಯೆ ಇರಬಹುದು. ರೌಂಡ್ಸ್‌ನಲ್ಲಿ ಆಂಟಿಸೈಕೋಟಿಕ್ (ಭ್ರಮೆ ತಡೆಯುವ ಔಷಧಿ) ಶುರು ಮಾಡೋಣವಾ ಅನ್ನುವ ಮಾತು ಬಂತು. ಆ ಮಾತೆತ್ತಿದ ಡಾಕ್ಟರು ನಮ್ಮ ಕನ್ನಡದವರೇ. ಕೆಟ್ಟವರಲ್ಲ. ಅವತ್ತು ಬೆಳಿಗ್ಗೆ ವಾರ್ಡಿಡೀ ಅವರೊಬ್ಬರ ತಲೆ ಮೇಲಿತ್ತು.

ತಡೆದದ್ದು ಯಾರು ಗೊತ್ತಾ? ನೆಲ ಒರೆಸುವ ಓಜಿಬ್ವೆ ಹೆಂಗಸು. ಅದು ಹುಚ್ಚಲ್ಲ, ರೌಂಡ್ ಡ್ಯಾನ್ಸ್ ಹಾಡು, ನಮ್ಮ ಕಡೆ ಚಳಿಗಾಲದಲ್ಲಿ ಹಾಡುವುದು ಅಂತ ನರ್ಸಿಗೆ ಹೇಳಿದರು. ಆಮೇಲೆ ಸೋಶಿಯಲ್ ವರ್ಕರ್ ಮನೆಗೆ ಫೋನ್ ಮಾಡಿದಾಗ ಉಳಿದದ್ದು ತಿಳಿಯಿತು. ಹುಡುಗ ಒಂದು ಡ್ರಮ್ ತಂಡದಲ್ಲಿ ಕೂರುತ್ತಿದ್ದ. ಕೂತಷ್ಟು ಕಾಲ ಕುಡಿತದಿಂದ ದೂರ ಇದ್ದ. ಅಣ್ಣ ತೀರಿಹೋದ. ನಮ್ಮಲ್ಲಿ ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಮಾಡದ ಹಾಗೆ, ಅವರ ಕುಟುಂಬದಲ್ಲಿ ಒಂದು ವರ್ಷ ಡ್ರಮ್ಮಿಗೆ ಕೂರುವಂತಿಲ್ಲ. ಅಂದರೆ ಅಣ್ಣನ ಜೊತೆ ಡ್ರಮ್ಮೂ ಹೋಯಿತು, ಜೊತೆಗಾರರೂ ಹೋದರು. ಕುಡಿತ ವಾಪಸ್ ಬಂತು. ಈಗ ವರ್ಷ ತುಂಬುತ್ತಿತ್ತು. ಬರುವ ಶನಿವಾರ ಊಟ ಹಾಕಿಸಿ, ಹಿರಿಯರು ಹಾಡಿ, ಅವನನ್ನು ಮತ್ತೆ ಡ್ರಮ್ಮಿಗೆ ಕೂರಿಸುವುದಿತ್ತು. ಚಿಕ್ಕಮ್ಮ ಕೈಡ್ರಮ್ ತಂದದ್ದು ಅದಕ್ಕೆ.

ಆಂಟಿಸೈಕೋಟಿಕ್ ಕೊಡಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದಾಯಿತು. ಆದರೆ ಡಿಸ್ಚಾರ್ಜ್ ಸೋಮವಾರಕ್ಕೆ ನಿಗದಿಯಾಗಿತ್ತು. ಕೆಲವು ಗಂಟೆಗೆ ಮನೆಯವರ ಜೊತೆ ಕಳಿಸಬಹುದಾ ಅಂತ ಯೋಚಿಸಲು ಯಾರಿಗೂ ಹೊಳೆಯಲಿಲ್ಲ. ಶನಿವಾರ ಹೋಯಿತು. ಸೋಮವಾರ ಸರ್ಟ್ರಲೀನ್ ಅನ್ನುವ ಖಿನ್ನತೆಯ ಮಾತ್ರೆ ತಗೊಂಡು ಮನೆಗೆ ಹೋದ. ರೀಫಿಲ್‌ಗೆ ನಮ್ಮ ಕಿಟಕಿಗೆ ಬರಲಿಲ್ಲ.

ಹೊಸ ರೋಗಿ ಬಂದಾಗ ನಾವು ಔಷಧಿ ಪಟ್ಟಿ ಮಾಡುತ್ತೇವಲ್ಲ, ಅದರಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ: ಇದಲ್ಲದೆ ಬೇರೇನು ತಗೋತೀರಿ? ವಿಟಮಿನ್ ಬರೆದುಕೊಳ್ಳುತ್ತೇವೆ. ಅರಿಶಿನದ ಕ್ಯಾಪ್ಸೂಲ್ ಬರೆದುಕೊಳ್ಳುತ್ತೇವೆ. ಸೇಂಟ್ ಜಾನ್ಸ್ ವರ್ಟ್ ಅಂದರೆ ಕಿವಿ ನೆಟ್ಟಗಾಗುತ್ತದೆ, ಯಾಕೆಂದರೆ ಖಿನ್ನತೆಯ ಮಾತ್ರೆಯ ಜೊತೆ ಅದು ಕೂಡಿ ಬರುವುದಿಲ್ಲ. ಆದರೆ ಇಷ್ಟು ದಿನ ನಿಮ್ಮನ್ನು ಬದುಕಿಸಿದ್ದು ಯಾವುದು, ಈಚೆಗೆ ಅದೇನಾದರೂ ನಿಂತಿದೆಯಾ ಅಂತ ಕೇಳುವುದಿಲ್ಲ. ಆ ಹುಡುಗನ ವಿಷಯದಲ್ಲಿ ಬಿಟ್ಟುಹೋದ ಔಷಧಿ ಪಟ್ಟಿಯಲ್ಲೇ ಇರಲಿಲ್ಲ. ಮನೋವೈದ್ಯರಾದ ನಿಮಗೆ ಇದು ಹೊಸದೂ ಅಲ್ಲ. ಮನೋರೋಗ ಗುರುತಿಸುವ ಕೈಪಿಡಿಯಾದ 2013ರ ಡಿಎಸ್ಎಂ-5ರಲ್ಲಿ ರೋಗಿಯ ಸಂಸ್ಕೃತಿಯ ಬಗ್ಗೆ ಕೇಳಲೆಂದೇ 16 ಪ್ರಶ್ನೆಗಳಿವೆ. ನಿಮಗೆ ಏನು ಆಸರೆ, ಈ ಮೊದಲು ಎಲ್ಲಿ ಸಹಾಯ ಪಡೆದಿರಿ ಅನ್ನುವುದೂ ಅದರಲ್ಲಿದೆ. ಪರೀಕ್ಷೆಗೆ ಓದಿರುತ್ತೀರಿ. ಕ್ಲಿನಿಕ್ಕಿನಲ್ಲಿ 15 ನಿಮಿಷದ ಅಪಾಯಿಂಟ್‌ಮೆಂಟ್‌ನಲ್ಲಿ ಅದು ಮೊದಲು ಬಿದ್ದುಹೋಗುತ್ತದೆ.

ಕೇಳಿದರೂ ಅವರು ಹೇಳುವುದಿಲ್ಲ ಅನ್ನುತ್ತೀರಿ. ಹೌದು, ಹೇಳುವುದಿಲ್ಲ. ಅದಕ್ಕೆ ಕಾರಣವಿದೆ.

1883ರಲ್ಲಿ ಅಮೆರಿಕ ಸರ್ಕಾರ ರಿಸರ್ವೇಶನ್ನುಗಳಿಗೆ ಒಂದು ಅಪರಾಧ ಸಂಹಿತೆ ತಂದಿತು. ಸನ್ ಡ್ಯಾನ್ಸ್ ಅನ್ನುವ ಪವಿತ್ರ ಕುಣಿತ ಅಪರಾಧ. ಹಾಡಿ, ಪೂಜಿಸಿ ಗುಣಪಡಿಸುವ ಹಿರಿಯರ ಕೆಲಸವೂ ಅಪರಾಧ. ಮಾಡಿದರೆ ರೇಷನ್ ನಿಲ್ಲಿಸುತ್ತಿದ್ದರು, ಇಲ್ಲವೇ ಜೈಲಿಗೆ ಹಾಕುತ್ತಿದ್ದರು. ಬೇಟೆಯಾಡುವ ನೆಲ ಕಿತ್ತುಕೊಂಡ ಮೇಲೆ ರೇಷನ್ನೇ ಊಟ, ನೆನಪಿರಲಿ. ಕೆನಡಾದಲ್ಲಿ 1885ರಿಂದ 1951ರವರೆಗೆ ಪಶ್ಚಿಮ ಕರಾವಳಿಯ ಪಾಟ್ಲ್ಯಾಚ್ ಸಮಾರಂಭಕ್ಕೆ ಕಾನೂನಿನ ನಿಷೇಧ ಇತ್ತು. ಹಾಡು, ಮುಖವಾಡ, ಕುಣಿತ, ಊರಿಗೆಲ್ಲ ಉಡುಗೊರೆ, ಎಲ್ಲ ಸೇರಿದ್ದೇ ಆ ಸಮಾರಂಭ. ಜೊತೆಗೆ ಬೋರ್ಡಿಂಗ್ ಶಾಲೆಗಳು. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಹಳೆಯ ಸೈನಿಕ ಬ್ಯಾರಕ್ಕಿನಲ್ಲಿ ದೊಡ್ಡದೊಂದು ಶುರುವಾಯಿತು. ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ಮನೆಮಾತು ಆಡಿದರೆ ಹೊಡೆದು, ಕೈಗೆ ಬ್ರಾಸ್ ಬ್ಯಾಂಡಿನ ಕಹಳೆ ಕೊಟ್ಟರು. ಸರ್ಕಾರವೇ 2024ರಲ್ಲಿ ಹೊರಡಿಸಿದ ವರದಿಯಲ್ಲಿ ಇಂಥ 417 ಶಾಲೆಗಳ ಲೆಕ್ಕವಿದೆ. ಅಲ್ಲಿ ಸತ್ತ ಮಕ್ಕಳು ಕನಿಷ್ಠ 973. ಅದೇ ವರ್ಷ ಅಕ್ಟೋಬರ್ 25ರಂದು ಅಧ್ಯಕ್ಷ ಬೈಡನ್ ಅರಿಝೋನದ ಗಿಲಾ ರಿವರ್‌ಗೆ ಹೋಗಿ ಕ್ಷಮೆ ಕೇಳಿದರು.

ನನಗೆ ಅತ್ತ ನಗುವೂ ಇತ್ತ ಸಿಟ್ಟೂ ಬರುವ ವಿಷಯ ಒಂದಿದೆ. ನಿಷೇಧ ಜಾರಿಯಲ್ಲಿದ್ದಾಗಲೇ, 1907ರಿಂದ, ಫ್ರಾನ್ಸಿಸ್ ಡೆನ್ಸ್‌ಮೋರ್ ಅನ್ನುವ ಮಿನೆಸೋಟದ ಸಂಗೀತ ವಿದ್ವಾಂಸೆಗೆ ಅದೇ ಸರ್ಕಾರದ ಸಂಸ್ಥೆ ದುಡ್ಡು ಕೊಟ್ಟಿತು. ವೈಟ್ ಅರ್ತ್, ಲೀಚ್ ಲೇಕ್, ರೆಡ್ ಲೇಕ್ ರಿಸರ್ವೇಶನ್ನುಗಳಲ್ಲಿ ಓಜಿಬ್ವೆ ಹಾಡುಗಳನ್ನು ಮೇಣದ ಸಿಲಿಂಡರಿನ ಮೇಲೆ ಹಿಡಿದಿಡುವುದು ಅವರ ಕೆಲಸ. ಗುಣಪಡಿಸುವ ಹಾಡುಗಳನ್ನೂ ಹಿಡಿದಿಟ್ಟರು. ಒಂದು ಕೈಯಲ್ಲಿ ಹಾಡಬೇಡಿ ಅಂತ ಶಿಕ್ಷೆ, ಇನ್ನೊಂದು ಕೈಯಲ್ಲಿ ಹಾಡಿ ಅಂತ ಫೋನೋಗ್ರಾಫ್. ಕುಣಿತದ ಮೇಲಿನ ಕಡಿವಾಣ ತೆಗೆದದ್ದು 1934ರಲ್ಲಿ. ಧಾರ್ಮಿಕ ಆಚರಣೆಗೆ ಕಾನೂನಿನ ರಕ್ಷಣೆಯ ಮಾತು ಬಂದದ್ದು 1978ರಲ್ಲಿ. ನಿಮ್ಮ ಎಷ್ಟೋ ರೋಗಿಗಳು ಅದಕ್ಕಿಂತ ಮೊದಲು ಹುಟ್ಟಿದವರು. ಬಿಳಿ ಕೋಟು ಹಾಕಿ, ಕಂಪ್ಯೂಟರಿನ ಮುಂದೆ ಕೂತು, ಸರ್ಕಾರಿ ಫಾರ್ಮ್ ತುಂಬುತ್ತಾ, ನೀವು ಆಚರಣೆಗಳಿಗೆ ಹೋಗುತ್ತೀರಾ ಅಂತ ಯಾರಾದರೂ ಕೇಳಿದರೆ ಅವರು ಬಾಯಿ ಬಿಡುತ್ತಾರಾ? ಅವರಜ್ಜಿಗೆ ಆ ಪ್ರಶ್ನೆ ಕೇಳಿದ್ದವರೂ ಸರ್ಕಾರಿ ನೌಕರರೇ.

ಲಕೋಟ ಸಮುದಾಯದ ಮರಿಯಾ ಯೆಲ್ಲೋ ಹಾರ್ಸ್ ಬ್ರೇವ್ ಹಾರ್ಟ್ 1990ರ ದಶಕದಿಂದ ಬರೆಯುತ್ತಾ ಬಂದದ್ದು ಈ ಗಾಯದ ಬಗ್ಗೆ. ಒಂದು ತಲೆಮಾರು ಅಳಲು ಬಿಡುವಿಲ್ಲದೆ ನುಂಗಿಕೊಂಡ ದುಃಖ ಮುಂದಿನ ತಲೆಮಾರಿನ ಮನೆಯಲ್ಲಿ ಉಳಿಯುತ್ತದೆ. ಲೆಕ್ಕವೂ ಕಣ್ಣ ಮುಂದಿದೆ. ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಪ್ರಕಾರ 2021ರಲ್ಲಿ ಮೂಲನಿವಾಸಿಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ 28.1. ಇಡೀ ದೇಶದ್ದು 14.1, ಹೆಚ್ಚುಕಮ್ಮಿ ಅದರ ಅರ್ಧ.

ಆದರೆ ಈ ಅಂಕಿ ನೋಡಿ ನೇಟಿವ್ ಅಂದರೆ ಹೀಗೇ ಅಂತ ತೀರ್ಮಾನಕ್ಕೆ ಬರಬೇಡಿ. ಚಾಂಡ್ಲರ್ ಮತ್ತು ಲಲೋಂಡ್ ಅನ್ನುವ ಇಬ್ಬರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಊರೂರಿನ ಲೆಕ್ಕ ತೆಗೆದು 1998ರಲ್ಲಿ ಪ್ರಕಟಿಸಿದರು. ಅವರು ನೋಡಿದ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ಒಂದೂ ಇರಲಿಲ್ಲ. ಸ್ವಂತ ಆಡಳಿತ, ನೆಲದ ಹಕ್ಕಿನ ಹೋರಾಟ, ಶಾಲೆ ಮತ್ತು ಆಸ್ಪತ್ರೆ ತಮ್ಮ ಕೈಯಲ್ಲಿರುವುದು, ತಮ್ಮ ಆಚರಣೆಗೆ ಒಂದು ಜಾಗ, ಇಂಥವು ಜಾಸ್ತಿ ಇದ್ದಷ್ಟೂ ಆತ್ಮಹತ್ಯೆ ಕಮ್ಮಿ. ಇದು ಹಾಡಿನ ಮೇಲೆ ಮಾಡಿದ ಅಧ್ಯಯನವಲ್ಲ, ಹಾಡು ಸಾವು ತಡೆಯುತ್ತದೆ ಅಂತ ಇದರಿಂದ ಹೇಳಲಾಗದು. ಆದರೆ ಹಾಡಲು ಸ್ವಂತ ಜಾಗ ಇರುವ ಊರು ಬೇರೆ, ಇಲ್ಲದ ಊರು ಬೇರೆ ಅಂತ ಹೇಳಬಹುದು.

ಡ್ರಮ್ಮಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಿಮ್ಮಲ್ಲಿ ಕೆಲವರು ಪೌವೌಗೆ, ಅಂದರೆ ಅವರ ಹಾಡು ಕುಣಿತದ ಜಾತ್ರೆಗೆ, ಹೋಗಿ ಫೋಟೋ ತೆಗೆದು ಬಂದಿರುತ್ತೀರಿ. ಮುಂದಿನ ಸಲ ಗರಿಯ ಉಡುಪು ನೋಡುವುದು ಬಿಟ್ಟು ಡ್ರಮ್ಮಿನ ಹತ್ತಿರ ನಿಂತುಕೊಳ್ಳಿ. ಅಗಲವಾದ ಒಂದೇ ಡ್ರಮ್, ಸುತ್ತ ಏಳೆಂಟು ಜನ. ಮುಂದಾಳು ಒಬ್ಬನೇ ಎತ್ತರದ ದನಿಯಲ್ಲಿ ಸಾಲು ಎತ್ತುತ್ತಾನೆ, ಉಳಿದವರು ಅದನ್ನು ಹಿಡಿಯುತ್ತಾರೆ, ಆಮೇಲೆ ಎಲ್ಲರೂ ಒಟ್ಟಿಗೆ ಕೆಳಗೆ ಇಳಿಯುತ್ತಾರೆ. ನಡುವೆ ಕೆಲವು ಪೆಟ್ಟು ಜೋರಾಗಿ ಬೀಳುತ್ತವೆ, ಕುಣಿಯುವವರು ಅದಕ್ಕೆ ತಲೆಬಾಗುತ್ತಾರೆ. ಇಲ್ಲಿನ ಎಷ್ಟೋ ತಂಡಗಳಲ್ಲಿ ಹೆಂಗಸರು ಬಾರಿಸುವುದಿಲ್ಲ, ಹಿಂದೆ ಸುತ್ತ ನಿಂತು ಹಾಡುತ್ತಾರೆ. ತೇವದ ದಿನ ಕೈಡ್ರಮ್ಮಿನ ಚರ್ಮ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳುತ್ತಾರೆ. ಡ್ರಮ್ಮನ್ನು ಅಜ್ಜ ಅಂತ ಕರೆಯುವವರಿದ್ದಾರೆ. ಅದಕ್ಕೆ ತಂಬಾಕು ಅರ್ಪಿಸುತ್ತಾರೆ, ಒಂಟಿಯಾಗಿ ಬಿಟ್ಟುಹೋಗುವುದಿಲ್ಲ. ಕುಡಿದು ಅದರ ಹತ್ತಿರ ಬರುವಂತಿಲ್ಲ.

ಕೊನೆಯ ಮಾತು ಗಮನಿಸಿ ಡಾಕ್ಟ್ರೇ. ಶುಕ್ರವಾರ ಸಂಜೆ ಅಭ್ಯಾಸ, ಶನಿವಾರ, ಭಾನುವಾರ ಪೌವೌ. ಅಂದರೆ ಸಣ್ಣ ಊರಿನಲ್ಲಿ ಕುಡಿಯುವವರು ಕುಡಿಯುವ ಹೊತ್ತಿಗೆಲ್ಲ ಆ ಹುಡುಗನಿಗೆ ಕುಡಿಯಬಾರದ ಜಾಗ ಒಂದಿದೆ. ಅವನು ಬರಲಿಲ್ಲ ಅಂದರೆ ಮನೆ ಬಾಗಿಲು ತಟ್ಟುವ ಮಾವಂದಿರಿದ್ದಾರೆ. ಯಾವ ಮಾತ್ರೆಯ ಡಬ್ಬಿಯೂ ಬಾಗಿಲು ತಟ್ಟುವುದಿಲ್ಲ.

ಇಲ್ಲಿನ ದೊಡ್ಡ ಡ್ರಮ್ ಬಂದ ಕಥೆಯನ್ನು ಓಜಿಬ್ವೆ ಜನ ಹೇಳುವುದು ಹೀಗೆ. ಟೇಲ್‌ಫೆದರ್ ವುಮನ್ ಅನ್ನುವ ಡಕೋಟ ಹೆಂಗಸು. ಸೈನಿಕರು ಅವಳ ಜನರನ್ನು ಕೊಂದರು. ಅವಳು ಓಡಿ ಸರೋವರಕ್ಕಿಳಿದು ತಾವರೆ ಎಲೆಗಳ ಅಡಿಯಲ್ಲಿ ದಿನಗಟ್ಟಲೆ ಅಡಗಿದಳು. ಅಲ್ಲಿ ಅವಳಿಗೆ ಒಂದು ದರ್ಶನವಾಯಿತು: ಹೀಗೆ ಡ್ರಮ್ ಮಾಡು, ಈ ಹಾಡು ಕಲಿಸು, ಜನ ಉಳಿಯುತ್ತಾರೆ. ಡಕೋಟರು ಆ ಡ್ರಮ್ಮನ್ನು ತಮ್ಮ ಹಳೆಯ ವೈರಿಗಳಾದ ಓಜಿಬ್ವೆಗಳಿಗೇ ಕೊಟ್ಟರು. 19ನೇ ಶತಮಾನದ ಕೊನೆಯ ಹೊತ್ತಿಗೆ ಅದು ಈ ಕಡೆಯ ಊರೂರಿಗೆ ಹರಡಿತ್ತು. ಕಣ್ಣೆದುರು ಮನೆಯವರನ್ನು ಕಳೆದುಕೊಂಡ ಒಬ್ಬಳು ಹೆಣ್ಣುಮಗಳಿಂದ ಈ ಡ್ರಮ್ ಬಂತು ಅಂತ ನಂಬುವವರಿಗೆ ನೀವು ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮನೋರೋಗ) ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಜಿಂಗಲ್ ಡ್ರೆಸ್ ಕುಣಿತವೂ ಇಲ್ಲಿಯದೇ. 1918ರ ಇನ್‌ಫ್ಲುಯೆಂಝಾ ಕಾಲದ್ದು. ಮಗಳ ಜೀವಕ್ಕೆ ಹೆದರಿದ ಅಪ್ಪನಿಗೆ ಕನಸಿನಲ್ಲಿ ಉಡುಪು ಮತ್ತು ಹಾಡು ಬಂತು ಅನ್ನುತ್ತಾರೆ. ಮಿನೆಸೋಟದ ಮಿಲ್ ಲ್ಯಾಕ್ಸ್‌ನವರೂ ಒಂಟಾರಿಯೋದ ವೈಟ್‌ಫಿಶ್ ಬೇಯವರೂ ಅದು ತಮ್ಮೂರಲ್ಲಿ ಹುಟ್ಟಿದ್ದು ಅನ್ನುತ್ತಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ನಶ್ಯದ ಡಬ್ಬಿಯ ಮುಚ್ಚಳಗಳನ್ನು ಸುರುಳಿ ಸುತ್ತಿ ಲಂಗಕ್ಕೆ ಸಾಲಾಗಿ ಹೊಲಿದಿರುತ್ತಾರೆ. ನೂರಾರು ಮುಚ್ಚಳ ಒಂದಕ್ಕೊಂದು ತಾಗಿ ಮಳೆ ಬಿದ್ದ ಹಾಗೆ ಸದ್ದಾಗುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಪೌವೌಗಳು ನಿಂತಾಗ ಸೋಶಿಯಲ್ ಡಿಸ್ಟೆನ್ಸ್ ಪೌವೌ ಅನ್ನುವ ಫೇಸ್‌ಬುಕ್ ಗುಂಪು ಹುಟ್ಟಿತು. ಹೆಂಗಸರು, ಹುಡುಗಿಯರು ಹಿತ್ತಲಲ್ಲಿ, ಗ್ಯಾರೇಜಿನಲ್ಲಿ ಇದೇ ಕುಣಿತ ಕುಣಿದು ವಿಡಿಯೋ ಹಾಕಿದರು. ನೂರು ವರ್ಷದ ಹಿಂದಿನ ಚಿಕಿತ್ಸೆ, ಅದೇ ಬಗೆಯ ಪಿಡುಗಿಗೆ.

ಇದಕ್ಕೆಲ್ಲ ಪುರಾವೆ ಎಲ್ಲಿ ಅಂತ ನೀವು ಕೇಳಲೇಬೇಕು. ಕೇಳದಿದ್ದರೆ ನೀವು ಡಾಕ್ಟರೇ ಅಲ್ಲ. ಲಾಸ್ ಏಂಜಲೀಸ್‌ನಲ್ಲಿ ಯುಸಿಎಲ್ಎಯ ಮನೋವೈದ್ಯ ಡೇನಿಯಲ್ ಡಿಕರ್ಸನ್ ಅವರು ಅಲಾಸ್ಕಾದ ಇನ್ಯುಪಿಯಾಕ್ ಮೂಲದವರು. ಕುಡಿತ ಮತ್ತು ಮಾದಕ ವಸ್ತುವಿನಿಂದ ಹೊರಬರಲು ಡ್ರಮ್ ಬಳಸುವ ಚಿಕಿತ್ಸಾ ಕ್ರಮವೊಂದನ್ನು ಸಮುದಾಯದವರ ಜೊತೆ ಕೂತು ರೂಪಿಸಿದರು. ಮೊದಲ ಪ್ರಯೋಗದಲ್ಲಿ ಇದ್ದವರು ಬೆರಳೆಣಿಕೆಯ ಜನ. ಫಲಿತಾಂಶ ಆಶಾದಾಯಕ, ಆದರೆ ಬೆರಳೆಣಿಕೆಯ ಜನರಿಂದ ದೊಡ್ಡ ಮಾತಾಡಲು ಆಗುವುದಿಲ್ಲ. ಒಬ್ಬ ಫಾರ್ಮಸಿಸ್ಟ್ ಆಗಿ ಹೇಳುತ್ತೇನೆ, ಈ ಮಟ್ಟದ ಪುರಾವೆ ಇಟ್ಟುಕೊಂಡು ಯಾವ ಕಂಪನಿಯೂ ಹೊಸ ಮಾತ್ರೆ ಮಾರಲು ಆಗದು. ಆದರೆ ನಾನು ನಿಮ್ಮನ್ನು ಇದನ್ನು ಬರೆದುಕೊಡಿ ಅಂತ ಕೇಳುತ್ತಿಲ್ಲ. ಅವರು ಆಗಲೇ ತಗೊಳ್ಳುತ್ತಿದ್ದಾರೆ. ಅಡ್ಡ ಬರಬೇಡಿ, ಗೊತ್ತಿರಲಿ ಅಂತ ಕೇಳುತ್ತಿದ್ದೇನೆ.

ಅದೂ ಅಲ್ಲದೆ ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ನವಾಹೋ ಜನರಲ್ಲಿ ರೋಗಿಗೆ ಚಿಕಿತ್ಸೆ ಮಾಡುವ ಹಿರಿಯರು ಹಾಡುಗಾರರು. ಒಂಬತ್ತು ರಾತ್ರಿ ನಡೆಯುವ ಆಚರಣೆಗಳಿವೆ, ಒಂದು ಪದವೂ ತಪ್ಪಬಾರದು. ಯುದ್ಧದಿಂದ ಬಂದ ಸೈನಿಕರಿಗೆಂದೇ ಒಂದು ಆಚರಣೆಯಿದೆ, ಎರಡನೇ ಮಹಾಯುದ್ಧದ ನಂತರ ಅದು ಎಷ್ಟೋ ಜನರಿಗೆ ನಡೆಯಿತು. ಕಲಿಯುವವರು ಕಮ್ಮಿಯಾದಾಗ, 1960ರ ದಶಕದ ಕೊನೆಯಲ್ಲಿ, ಅರಿಝೋನದ ರಫ್ ರಾಕ್‌ನಲ್ಲಿ ಅದನ್ನು ಕಲಿಸುವ ಶಾಲೆ ತೆರೆದರು. ದುಡ್ಡು ಕೊಟ್ಟದ್ದು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ! ಅಲ್ಲಿಗೆ ಹೋಗುತ್ತಿದ್ದ ಮನೋವೈದ್ಯ ರಾಬರ್ಟ್ ಬರ್ಗ್‌ಮನ್ 1973ರಲ್ಲಿ ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಆ ಅನುಭವ ಬರೆದರು. ಅವರು ಒಮ್ಮೆ ಹಿರಿಯರ ಮುಂದೆ ಹಿಪ್ನಾಸಿಸ್ ಮಾಡಿ ತೋರಿಸಿದರಂತೆ. ತುಂಬಾ ವಯಸ್ಸಾದ ಹಾಡುಗಾರರೊಬ್ಬರು, ಇಂಥದ್ದು ನಾವೂ ಮಾಡುತ್ತೇವೆ, ಅದರಲ್ಲಿ ಆಶ್ಚರ್ಯವಿಲ್ಲ, ಒಬ್ಬ ಬಿಳಿಯನಿಗೆ ಇಷ್ಟು ಉಪಯೋಗದ ವಿದ್ಯೆ ಗೊತ್ತಿದೆಯಲ್ಲ ಅದೇ ಆಶ್ಚರ್ಯ ಅನ್ನುವ ಅರ್ಥದ ಮಾತು ಹೇಳಿದರಂತೆ. ಪ್ರಶ್ನೆ ಕೇಳಬೇಕಾದವರು ಯಾರು, ಉತ್ತರ ಹೇಳಬೇಕಾದವರು ಯಾರು ಅನ್ನುವುದು ಅಲ್ಲಿ ತಲೆಕೆಳಗಾಯಿತು. ನನಗೆ ಆ ಲೇಖನ ಇಷ್ಟ.

ಇನ್ನೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ನೇಟಿವ್ ಸಂಗೀತ ಅಂದರೆ ಹಳೆಯದೇ ಆಗಬೇಕಿಲ್ಲ. ನಿಮ್ಮ ಮುಂದೆ ಕಪ್ಪು ಟೀ ಶರ್ಟು, ತಲೆಬುರುಡೆಯ ಚಿತ್ರ, ಕಿವಿಗೆ ಇಯರ್‌ಫೋನ್ ಹಾಕಿಕೊಂಡ ಹುಡುಗಿ ಕೂತಿದ್ದರೆ ಅವಳ ಔಷಧಿ ಹೆವಿ ಮೆಟಲ್ ಇರಬಹುದು. ನವಾಹೋ ನೇಷನ್ನಿನಲ್ಲಿ ಮೆಟಲ್ ಬ್ಯಾಂಡುಗಳು ಬೇಕಾದಷ್ಟಿವೆ. ಮೊಂಟಾನದ ಬ್ಲ್ಯಾಕ್‌ಫೀಟ್ ರಿಸರ್ವೇಶನ್ನಿನಲ್ಲಿ 2025ರ ಜುಲೈನಲ್ಲಿ ಫೈರ್ ಇನ್ ದ ಮೌಂಟನ್ಸ್ ಅನ್ನುವ ಮೆಟಲ್ ಉತ್ಸವ ನಡೆಯಿತು. ಹಿಂದೆ ನಿಂತವರು ಅಲ್ಲಿ ಯುವಜನರ ಆತ್ಮಹತ್ಯೆ ತಡೆಯಲು ಕೆಲಸ ಮಾಡುವವರು. ಕಿರುಚಾಟದ ಹಾಡು ಕೇಳಿದರೆ ಮಕ್ಕಳು ಕೆಡುತ್ತಾರೆ ಅನ್ನುವ ನಮ್ಮ ಮನೆಗಳ ಮಾತಿಗೆ ಅವರ ಉತ್ತರ ಬೇರೆ: ಒಳಗಿನ ನೋವು ಎಷ್ಟು ಜೋರಾಗಿದೆಯೋ ಅಷ್ಟೇ ಜೋರಾದ ಸಂಗೀತ ಸಿಕ್ಕರೆ ಒಂಟಿ ಅನ್ನಿಸುವುದಿಲ್ಲ. ಕ್ರೋ ಸಮುದಾಯದ ರ‍್ಯಾಪರ್ ಸೂಪಾಮ್ಯಾನ್ ಪೌವೌ ಉಡುಪಿನಲ್ಲೇ ವೇದಿಕೆಗೆ ಬಂದು, ಕುಣಿದು, ರ‍್ಯಾಪ್ ಮಾಡಿ, ಶಾಲೆ ಮಕ್ಕಳ ಜೊತೆ ಮಾತಾಡುತ್ತಾರೆ. ನಮ್ಮ ಕಾಯುವ ಕೋಣೆಯಲ್ಲಿ ಅವರ ವಿಡಿಯೋ ನೋಡುವ ಹುಡುಗರನ್ನು ನೀವೂ ಕಂಡಿರಬಹುದು.

ಇದಕ್ಕೆ ತೀರಾ ಎದುರಿನದೂ ಇದೆ. ಕೆಲವರಿಗೆ ಡ್ರಮ್ ಬೇಡ. ವೈಟ್ ಅರ್ತ್ ಕಡೆ ಓಜಿಬ್ವೆ ಭಾಷೆಯಲ್ಲಿ ಕ್ರೈಸ್ತ ಗೀತೆ ಹಾಡುವ ಹಿರಿಯರಿದ್ದಾರೆ. ಸಾವಿನ ಮನೆಯಲ್ಲಿ ರಾತ್ರಿ ಕೂತು ನಿಧಾನವಾಗಿ ಹಾಡುತ್ತಾರೆ. ಮಿಷನರಿಗಳು ಡ್ರಮ್ ಬಿಡಿಸಲು ತಂದ ಗೀತೆಗಳನ್ನು ಇವರು ತಮ್ಮ ದುಃಖದ ಹಾಡು ಮಾಡಿಕೊಂಡರು. ಆದ್ದರಿಂದ ಮುಖ ನೋಡಿ ನೀವು ಡ್ರಮ್ಮಿಗೆ ಹೋಗಿ ಅಂತ ಸಲಹೆ ಕೊಡಬೇಡಿ. ನಮ್ಮನ್ನು ನೋಡಿದ ತಕ್ಷಣ ಯೋಗ ಮಾಡಿ ಅನ್ನುವವರ ಮೇಲೆ ನಮಗೆಷ್ಟು ಸಿಟ್ಟು ಬರುತ್ತದೆ, ಅಲ್ವಾ?

ಮಾಡಬಾರದ್ದು ಹೇಳುತ್ತಿದ್ದೇನೆ, ಅದನ್ನೂ ಮುಗಿಸಿಬಿಡುತ್ತೇನೆ. ಕ್ಲಿನಿಕ್ಕಿನಲ್ಲಿ ಹಾಡಿ ತೋರಿಸಿ ಅನ್ನಬೇಡಿ. ಕೆಲವು ಹಾಡು ಒಂದು ಕುಟುಂಬದ ಸ್ವತ್ತು, ಕೆಲವ‍ನ್ನು ಚಳಿಗಾಲ ಬಿಟ್ಟು ಹಾಡುವಂತಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ, ಆ ಕೆಲಸ ನೂರು ವರ್ಷದ ಹಿಂದೆಯೇ ಆಗಿಹೋಗಿದೆ. ಹಾಡಿದವರ ಊರಿಗೆ ಆ ಮೇಣದ ಸಿಲಿಂಡರುಗಳ ಪ್ರತಿ ವಾಪಸ್ ಕಳಿಸಲು 1979ರಲ್ಲಿ ಒಂದು ಪ್ರತ್ಯೇಕ ಯೋಜನೆಯೇ ಶುರುವಾಗಬೇಕಾಯಿತು. ಆಚರಣೆಯ ವಿವರ ಚಾರ್ಟಿನಲ್ಲಿ ಬರೆಯಬೇಡಿ. ರೋಗಿ ಒಪ್ಪಿದರೆ ಡ್ರಮ್ ತಂಡದಲ್ಲಿದ್ದಾರೆ, ಆಸರೆ ಇದೆ, ಈಗ ನಿಂತಿದೆ ಅನ್ನುವ ಒಂದು ಸಾಲು ಸಾಕು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಕೋಲಾಟ ಆದಮೇಲೆ ಐದು ನಿಮಿಷದ ಐಟಂ ಆಗಿ ಡ್ರಮ್ ತಂಡವನ್ನು ಕರೆಯುವ ಆಲೋಚನೆ ಇದ್ದರೆ ದಯವಿಟ್ಟು ಬಿಡಿ. ಕರೆಯುವುದಾದರೆ ಅವರ ಪದ್ಧತಿಯಂತೆ ಕರೆಯಿರಿ: ತಂಬಾಕು ಕೊಟ್ಟು ಕೇಳಿ, ಊಟ ಹಾಕಿ, ಸಂಭಾವನೆ ಕೊಡಿ, ಎಷ್ಟು ಹೊತ್ತು ಅಂತ ಅವರೇ ಹೇಳಲಿ.

ಮಾಡಬೇಕಾದ್ದು ದೊಡ್ಡದೇನಲ್ಲ. ನಿಮ್ಮ ಆಸ್ಪತ್ರೆಗೆ ಹತ್ತಿರದ ಬುಡಕಟ್ಟಿನ ಆರೋಗ್ಯ ವಿಭಾಗದಲ್ಲಿ ಸಾಂಪ್ರದಾಯಿಕ ಚಿಕಿತ್ಸೆಯ ಹೊಣೆ ಹೊತ್ತವರು ಯಾರು ಅಂತ ವಿಚಾರಿಸಿ, ಒಮ್ಮೆ ಹೋಗಿ ಕೂತು ಮಾತಾಡಿ ಬನ್ನಿ. ಕೈಬೀಸಿಕೊಂಡು ಹೋಗಬೇಡಿ. ವಾರ್ಡಿನ ನಿಯಮ ಬರೆಯುವ ಸಭೆಯಲ್ಲಿ ಕೈಡ್ರಮ್ಮಿನ ಮಾತೆತ್ತಿ. ಸಿಬ್ಬಂದಿಯೊಬ್ಬರು ಜೊತೆಗಿದ್ದು, ಒಂದು ಕೋಣೆಯಲ್ಲಿ, ದಿನಕ್ಕೆ ಅರ್ಧ ಗಂಟೆ ಅಂದರೆ ಯಾವ ಸುರಕ್ಷತಾ ಅಧಿಕಾರಿಗೂ ನಿದ್ದೆ ಕೆಡುವುದಿಲ್ಲ. ಡಿಸ್ಚಾರ್ಜ್ ದಿನ ಗೊತ್ತುಮಾಡುವ ಮೊದಲು ಮನೆಯಲ್ಲಿ ಈ ವಾರ ಏನಾದರೂ ಇದೆಯಾ ಅಂತ ಕೇಳಿ. ಅಪಾಯಿಂಟ್‌ಮೆಂಟ್ ತಪ್ಪಿಸಿದವರೆಲ್ಲ ಹೇಳಿದ ಮಾತು ಕೇಳದವರಲ್ಲ. ಬೇಸಿಗೆಯ ಶುಕ್ರವಾರ ಮಧ್ಯಾಹ್ನ ತಪ್ಪಿಸಿದವರು ಬಹುಶಃ ಪೌವೌ ದಾರಿಯಲ್ಲಿರುತ್ತಾರೆ. ರಾತ್ರಿಯಿಡೀ ಹಾಡುವ ಆಚರಣೆಗೆ ಹೋಗುವವರಿಗೆ ನಿದ್ದೆ ಬರಿಸುವ ಔಷಧಿಯ ಹೊತ್ತಿನ ಬಗ್ಗೆ ನನ್ನನ್ನು ಕೇಳಿ. ನಿದ್ದೆಗೆಟ್ಟರೆ ಮೇನಿಯಾ (ಅತಿ ಉದ್ರೇಕ) ಕೆದರುವ ರೋಗಿಯಾದರೆ ಅದನ್ನೂ ಮುಚ್ಚಿಡದೆ ಮನೆಯವರ ಜೊತೆ ಮಾತಾಡಿ. ಹಿರಿಯರು ಅರ್ಥ ಮಾಡಿಕೊಳ್ಳುತ್ತಾರೆ. ಅವರಿಗೂ ಆ ಹುಡುಗ ಬದುಕಬೇಕು.

ದುಡ್ಡಿನ ವಿಷಯ. ಮೂಲನಿವಾಸಿಗಳಿಗೆಂದೇ ಇರುವ ಸರ್ಕಾರಿ ಆರೋಗ್ಯ ಸೇವೆಯಾದ ಇಂಡಿಯನ್ ಹೆಲ್ತ್ ಸರ್ವಿಸ್‌ನಲ್ಲಿ ಡಾಕ್ಟರು, ನರ್ಸು ಮುಂತಾದವರ ನಾಲ್ಕರಲ್ಲಿ ಒಂದು ಹುದ್ದೆ ಖಾಲಿ ಇದೆ ಅಂತ 2018ರಲ್ಲೇ ಸರ್ಕಾರಿ ಲೆಕ್ಕಪರಿಶೋಧಕರು ಬರೆದಿದ್ದರು. ಹಾಗಿರುವಾಗ ಹಾಡುಗಾರರಿಗೆ ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆ ಸಹಜ. ಆದರೆ 2024ರ ಅಕ್ಟೋಬರ್‌ನಲ್ಲಿ, ಬೈಡನ್ ಕ್ಷಮೆ ಕೇಳುವುದಕ್ಕೆ ಕೆಲವೇ ದಿನ ಮೊದಲು, ಅರಿಝೋನ, ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೋ, ಓರೆಗನ್ ರಾಜ್ಯಗಳಲ್ಲಿ ಸಾಂಪ್ರದಾಯಿಕ ಚಿಕಿತ್ಸೆಗೆ ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಹಣ ಕೊಡಲು ಕೇಂದ್ರದ ಒಪ್ಪಿಗೆ ಸಿಕ್ಕಿತು. ಕ್ಯಾಲಿಫೋರ್ನಿಯಾದ ವಿವರಣೆಯಲ್ಲಿ ಹಾಡು, ಕುಣಿತ, ಡ್ರಮ್ ಅಂತ ಹೆಸರು ಹೇಳಿಯೇ ಬರೆದಿದ್ದಾರೆ. ಆ ನಾಲ್ಕು ರಾಜ್ಯಗಳಲ್ಲಿರುವ ನೀವು ನಿಮ್ಮ ಕ್ಲಿನಿಕ್ ಇದನ್ನು ಬಳಸುತ್ತಿದೆಯಾ ಅಂತ ಬಿಲ್ಲಿಂಗ್ ವಿಭಾಗದಲ್ಲಿ ಕೇಳಿ. ಹಣ ಬರುವುದು ಇಂಡಿಯನ್ ಹೆಲ್ತ್ ಸರ್ವಿಸ್, ಬುಡಕಟ್ಟು ಆಸ್ಪತ್ರೆ, ಇಲ್ಲವೇ ನಗರಗಳ ನೇಟಿವ್ ಕ್ಲಿನಿಕ್ಕುಗಳ ಮೂಲಕ. ಖಾಸಗಿ ಆಸ್ಪತ್ರೆಯಲ್ಲಿದ್ದರೆ ರೋಗಿಯನ್ನು ಅಲ್ಲಿಗೆ ಜೋಡಿಸಿಕೊಡಿ. ನಮ್ಮ ಮಿನೆಸೋಟ ಆ ಪಟ್ಟಿಯಲ್ಲಿ ಇರಲಿಲ್ಲ. ನಿಮ್ಮ ಸಹಿ ಇರುವ ಒಂದು ಪತ್ರಕ್ಕೆ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಇರುವ ತೂಕ ನನ್ನದಕ್ಕಿಲ್ಲ. ಬರೆಯಿರಿ.

ತುರ್ತಿನ ಮಾತು ಬೇರೆ. ಜೀವಕ್ಕೆ ಅಪಾಯ ಅನ್ನಿಸಿದರೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ, ಇಲ್ಲವೇ ಎಮರ್ಜೆನ್ಸಿ, ಅದರಲ್ಲಿ ರಾಜಿಯಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿರುವವರಿಗೆ 2022ರ ನವೆಂಬರ್‌ನಿಂದ 988 ಒತ್ತಿದ ಮೇಲೆ 4 ಒತ್ತಿದರೆ ನೇಟಿವ್ ಸಲಹೆಗಾರರೇ ಸಿಗುತ್ತಾರೆ. ಡಿಸ್ಚಾರ್ಜ್ ಕಾಗದದಲ್ಲಿ ಆ ನಂಬರ್ ಇರಲಿ.

ಕೊನೆಗೊಂದು ಕೋರಿಕೆ. ನಿಮ್ಮಲ್ಲಿ ಬಹಳ ಜನ ಮೂರು ವರ್ಷ ಮುಗಿದ ಕೂಡಲೇ ಡಲ್ಲಾಸಿಗೋ ನ್ಯೂಜೆರ್ಸಿಗೋ ಹೊರಡುತ್ತೀರಿ. ಮಕ್ಕಳ ಶಾಲೆ, ದೇವಸ್ಥಾನ, ಇಡ್ಲಿ ಹಿಟ್ಟು, ನನಗೆ ಅರ್ಥವಾಗುತ್ತದೆ. ಆದರೆ ಪ್ರತಿ ಮೂರು ವರ್ಷಕ್ಕೆ ಈ ಊರುಗಳು ಹೊಸ ಡಾಕ್ಟರಿಗೆ ಮೊದಲಿಂದ ಎಲ್ಲ ಹೇಳಬೇಕು. ಹೇಳಿ ಹೇಳಿ ಸುಸ್ತಾಗಿ ಹೇಳುವುದನ್ನೇ ಬಿಡುತ್ತಾರೆ. ಹೋಗುವ ಮೊದಲು ನಿಮ್ಮ ಜಾಗಕ್ಕೆ ಬರುವವರಿಗೆ ಒಂದು ಪುಟ ಬರೆದಿಡಿ: ಇಲ್ಲಿ ಯಾವ ಹಿರಿಯರನ್ನು ಕೇಳಬೇಕು, ಯಾವ ವಾರಾಂತ್ಯ ಪೌವೌ, ವಾರ್ಡಿನ ಯಾವ ಕೋಣೆಯಲ್ಲಿ ಹಾಡಬಹುದು, ಯಾರ ಫೋನ್ ನಂಬರ್ ಕೆಲಸ ಮಾಡುತ್ತದೆ. ಒಂದು ಪ್ರತಿ ಫಾರ್ಮಸಿಗೂ ಕೊಡಿ. ನಾನು ಎಲ್ಲೂ ಹೋಗುತ್ತಿಲ್ಲ.

ಇಂತಿ,
ಉತ್ತರ ಮಿನೆಸೋಟದ ಒಬ್ಬ ಕನ್ನಡತಿ ಫಾರ್ಮಸಿಸ್ಟ್